ಒಂದೇ ಕರೆಗೆ ಓಗೊಡಬಾರದು

ನನಗೆ ಆಗ ಅರವತ್ತೆಂಟು. ಈಗ ಎಪ್ಪತ್ತೆರಡು ನಡೆಯುತ್ತಿದೆ. ಅಂದರೆ ನಾಲ್ಕು ವರ್ಷದ ಹಿಂದೆ, ಒಮಾನ್ ದೇಶದ ಒಂದು ಬಂಡೆಯ ಸೀಳಿನೊಳಗೆ ಮಟಮಟ ಮಧ್ಯಾಹ್ನ ಒಬ್ಬಳೇ ಕೂತಿದ್ದಾಗ ಯಾರೋ ನನ್ನನ್ನು ಕರೆದರು.

ನಾನು ಓಗೊಡಲಿಲ್ಲ.

ಯಾಕೆ ಅಂತ ಕೇಳಿದರೆ ನೀವು ನಮ್ಮ ಕರಾವಳಿ ಕಡೆಯವರಲ್ಲ. ಹೇಳುತ್ತೇನೆ. ಅದಕ್ಕೂ ಮೊದಲು ನಾನು ಆ ಸೀಳಿನೊಳಗೆ ಹೋದದ್ದು ಹೇಗೆ ಅಂತ ಹೇಳಬೇಕು.

ನನ್ನ ಮಗ ಹರೀಶ ಇರುವುದು ಮಸ್ಕತ್ತಿನ ಅಲ್ ಗುಬ್ರಾದಲ್ಲಿ. ಎರಡು ಬೆಡ್‌ರೂಮಿನ ಫ್ಲಾಟು. ಹೆಂಡತಿ ಸ್ಮಿತಾ ಮೈಸೂರಿನವಳು. ಅವಳಿಗೆ ಆಗ ಏಳು ತಿಂಗಳು, ಚೊಚ್ಚಲು. ಹೆರಿಗೆ ಮಸ್ಕತ್ತಿನಲ್ಲೇ ಆಗಲಿ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಬಾಣಂತನ ಮಾಡಲಿಕ್ಕೆ ನಾನು ಉಡುಪಿ ಕಡೆಯಿಂದ ಹೋದೆ.

ಅದೇ ವಾರ ಮೈಸೂರಿನಿಂದ ಸ್ಮಿತಾಳ ಅಮ್ಮ ವಿಶಾಲಾಕ್ಷಿಯೂ ಬಂದಿಳಿದರು. ಅವರೂ ಬಾಣಂತನಕ್ಕೇ.

ಅವರು ರಿಟೈರ್ಡ್ ಹೈಸ್ಕೂಲ್ ಟೀಚರ್. ವಿಜ್ಞಾನ ಕಲಿಸುತ್ತಿದ್ದವರು. ನಾನು ಮೂರನೇ ಕ್ಲಾಸು. (ಅದೂ ಪೂರ್ತಿ ಅಲ್ಲ.) ಇಬ್ಬರಿಗೂ ಸೇರಿ ಒಂದು ರೂಮು, ಎರಡು ಮಂಚ, ಒಂದೇ ಒಂದು ಎಸಿ ರಿಮೋಟು. ಇನ್ನು ಬಿಡಿಸಿ ಹೇಳಬೇಕಾ?

ಚೊಚ್ಚಲ ಬಾಣಂತನ ತವರಿನವರದ್ದು ಅಂದರು ಅವರು. ಸರಿ, ಹಾಗಾದರೆ ತವರಿಗೆ ಕರೆದುಕೊಂಡು ಹೋಗಿ, ಮೈಸೂರಿಗೆ ಫ್ಲೈಟು ಉಂಟಲ್ಲ, ಇದು ನನ್ನ ಮಗನ ಮನೆ ಅಂದೆ ನಾನು. "ತಾಯಿ ಎಲ್ಲಿರ್ತಾಳೋ ಅದೇ ತವರು ಕಣ್ರೀ" ಅಂದರು. ಚಂದದ ಮಾತು. ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಒಂದೊಂದೇ ಶುರುವಾಯಿತು. ನಾನು ಮಾಡಿದ ಸಾರಿಗೆ ತೆಂಗಿನಕಾಯಿ ಜಾಸ್ತಿ. ಅವರು ಮಾಡಿದ ಹುಳಿಗೆ ಬೆಲ್ಲ ಜಾಸ್ತಿ. ಮಗುವಿನ ನೆತ್ತಿಗೆ ತೆಂಗಿನೆಣ್ಣೆಯೇ ಆಗಬೇಕು ಅಂತ ನಾನು, ಹರಳೆಣ್ಣೆಯೇ ಅಂತ ಅವರು. ಈ ನೆತ್ತಿ ಇನ್ನೂ ಹೊಟ್ಟೆಯೊಳಗೇ ಇತ್ತು ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಕೊನೆಗೆ ಮಾತು ಬಿಟ್ಟೆವು. ಒಂದೇ ರೂಮಿನಲ್ಲಿ ಇಬ್ಬರು ಮುದುಕಿಯರು ಮಾತಿಲ್ಲದೆ ಇರುವುದು ಹೇಗೆ ಅಂತ ಕೇಳುತ್ತೀರಾ? ಕಷ್ಟವೇನಿಲ್ಲ. ಒಬ್ಬರು ಎಸಿ ಹಾಕುವುದು, ಇನ್ನೊಬ್ಬರು ಆಫ್ ಮಾಡುವುದು. ಹೇಳಬೇಕಾದದ್ದು ಅದರಲ್ಲೇ ಮುಗಿಯುತ್ತದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಹರೀಶ ಹೇಳಿದ, "ಅಮ್ಮ, ಅತ್ತೆ, ಇಬ್ರೂ ಕೇಳಿ. ನೀವು ಹೀಗೇ ಇದ್ರೆ ನಮ್ಮಿಂದ ಆಗುದಿಲ್ಲ. ಒಬ್ರು ಈಗ ಇರಿ. ಒಬ್ರು ಊರಿಗೆ ಹೋಗಿ, ಮಗು ಸ್ವಲ್ಪ ದೊಡ್ಡ ಆದ್ಮೇಲೆ ಬನ್ನಿ. ಯಾರು ಅಂತ ನೀವೇ ಡಿಸೈಡ್ ಮಾಡಿ ಶನಿವಾರ ಹೇಳಿ. ನಾನು ಟಿಕೆಟ್ ಮಾಡ್ತೇನೆ."

ಯಾರು ಡಿಸೈಡ್ ಮಾಡುವುದು? ಮಾತೇ ಇಲ್ಲವಲ್ಲ.

ಶುಕ್ರವಾರ ಅಲ್ಲಿ ರಜೆ. ಬೆಳಿಗ್ಗೆ ಸ್ಮಿತಾ ಗಂಡನಿಗೆ ಹೇಳುತ್ತಿದ್ದದ್ದು ಬಾಗಿಲಾಚೆಯಿಂದ ನಮಗಿಬ್ಬರಿಗೂ ಕೇಳಿಸಿತು. "ಹರೀಶ್, ಪ್ಲೀಸ್, ಇವರಿಬ್ಬರನ್ನೂ ಎಲ್ಲಿಗಾದ್ರೂ ಕರ್ಕೊಂಡು ಹೋಗು. ಪಕ್ಕದ ಫ್ಲಾಟಿನವರು ಇದ್ದಾರೆ, ನನಗೇನೂ ಆಗಲ್ಲ. ನಾನು ಒಂದೇ ಒಂದು ದಿನ ಸುಮ್ನೆ ಮಲಗ್ಬೇಕು."

ಹಾಗೆ ನಾವು ಪ್ರವಾಸ ಹೊರಟೆವು.

"ಎಲ್ಲಿಗೆ ಮಾರಾಯ?" ಅಂದೆ.

"ವಾದಿಗೆ" ಅಂದ.

ಅಲ್ಲಿಯವರು ಬೆಟ್ಟದ ನಡುವಿನ ಒಣಗಿದ ಹೊಳೆಗೆ ವಾದಿ ಅನ್ನುತ್ತಾರೆ. ನಮ್ಮಲ್ಲಿ ವಾದಿ ಅಂದರೆ ಕೋರ್ಟಿನಲ್ಲಿ ದಾವೆ ಹಾಕಿದವ. (ಕಾರಿನ ಹಿಂದಿನ ಸೀಟಿನಲ್ಲಿ ಆ ದಿನ ವಾದಿ, ಪ್ರತಿವಾದಿ ಇಬ್ಬರೂ ಇದ್ದರು. ನಡುವೆ ಕಿತ್ತಳೆಯ ಚೀಲ.)

ನಖಲ್ ಎಂಬ ಊರು ದಾಟಿದ ಮೇಲೆ ಬರೀ ಬೆಟ್ಟ. ಒಂದು ಹುಲ್ಲುಕಡ್ಡಿ ಇಲ್ಲ. ಸಿಪ್ಪೆ ತೆಗೆದಿಟ್ಟ ಹಾಗೆ ನಿಂತಿವೆ. ಹರೀಶ ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಕೆಂಪು ಬಂಡೆ, ನಡುವೆ ಸೀಳು, ಮೇಲಿನಿಂದ ಬಿಸಿಲಿನ ಕೋಲು. ಅಮೆರಿಕದ್ದಂತೆ. ಅಲ್ಲಿಯ ನವಾಹೋ ಎಂಬ ಮೂಲದ ಜನರ ನೆಲದಲ್ಲಿ ಉಂಟಂತೆ, ಅವರ ಗೈಡು ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. "ನಾವೀಗ ನೋಡ್ಲಿಕ್ಕೆ ಹೋಗುದು ಇದರ ತಮ್ಮನನ್ನು" ಅಂದ.

"ಇದೆಲ್ಲ ನೀರು ಕೊರೆದಿರೋದು. ಸಾವಿರಾರು ವರ್ಷ ಹಿಡಿಯುತ್ತೆ" ಅಂದರು ಟೀಚರು, ಕಿಟಕಿಯ ಕಡೆಗೆ ನೋಡಿಕೊಂಡು. ನನಗೆ ಹೇಳಿದ್ದಲ್ಲ. ಕಿಟಕಿಗೆ ಹೇಳಿದ್ದು.

ವಾದಿಯ ಬಾಯಿಯಲ್ಲಿ ಒಂದು ಸಣ್ಣ ಹಳ್ಳಿ. ಖರ್ಜೂರದ ತೋಟ, ಅದರ ಬದಿಯಲ್ಲಿ ಚಾಪೆ ಹಾಸಿ ಕೂತಿದ್ದ ಒಬ್ಬ ಮುದುಕ. ಅವನಿಗೆ ಒಳ್ಳೆಯ ಹಿಂದಿ ಬರುತ್ತಿತ್ತು. ನಮ್ಮನ್ನು ಕೂರಿಸಿ ಕಾಫಿ ಕೊಟ್ಟ. (ಅವರ ಕಾಫಿಗೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಏಲಕ್ಕಿ ಕಷಾಯ ಅಂದುಕೊಂಡು ಕುಡಿದರೆ ಚೆನ್ನಾಗಿರುತ್ತದೆ.) ಆಕಾಶ ನೋಡಿ, ಮೋಡ ಇಲ್ಲ, ಒಳಗೆ ಹೋಗಬಹುದು ಅಂದ. ಮೇಲೆಲ್ಲೋ ಮಳೆ ಬಂದರೆ ಆ ಸೀಳಿನಲ್ಲಿ ನೀರು ಗೋಡೆಯ ಹಾಗೆ ಬರುತ್ತದಂತೆ.

ಆಮೇಲೆ ನಮ್ಮಿಬ್ಬರನ್ನು ನೋಡಿ ಹರೀಶನನ್ನು ಕೇಳಿದ, "ದೋನೋ ತುಮಾರಾ ಮಾ?"

"ಏಕ್ ಮೇರಾ. ಏಕ್ ಬೀವಿ ಕಾ."

"ಏಕ್ ಘರ್ ಮೇ?"

"ಹಾಂ."

ಮುದುಕ ಹರೀಶನ ಭುಜ ತಟ್ಟಿ, "ಖಲಾಸ್" ಅಂದ. ಮತ್ತೊಂದು ಹಿಡಿ ಖರ್ಜೂರ ಅವನ ಕೈಗೇ ಹಾಕಿದ.

ಸೀಳಿನೊಳಗೆ ಹೋದೆವು. ಎರಡೂ ಕೈ ಚಾಚಿದರೆ ಎರಡೂ ಕಡೆ ಬಂಡೆ. ಬಣ್ಣ ಆ ಫೋಟೋದ ಹಾಗೆ ಕೆಂಪಲ್ಲ, ಬೂದಿ. ಮುಟ್ಟಿದರೆ ನಮ್ಮ ಮನೆಯ ಮಸಾಲೆ ಕಡೆಯುವ ಕಲ್ಲಿನಷ್ಟು ನುಣುಪು, ಅಷ್ಟೇ ತಣ್ಣಗೆ. ತಲೆ ಎತ್ತಿದರೆ ಆಕಾಶ ಸೀರೆಯ ಅಂಚಿನಷ್ಟು. ಹೊರಗೆ ಬಿಸಿಲು ಕುದಿಯುತ್ತಿದ್ದರೆ ಒಳಗೆ ಯಾರೋ ಬೀಸಣಿಗೆ ಹಾಕಿದ ಹಾಗೆ ಗಾಳಿ. ಎಸಿ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಒಪ್ಪಿಗೆಯಾಗುವಷ್ಟೇ ತಂಪು. ನನಗೆ ಸುಖವಾಯಿತು. ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ದೂರ ಹೋದ ಮೇಲೆ ದಾರಿಯ ನಡುವೆ ಒಂದು ದೊಡ್ಡ ಕಲ್ಲು ಸಿಕ್ಕಿಕೊಂಡಿತ್ತು. "ನೀವಿಬ್ರೂ ಇಲ್ಲೇ ಕೂತ್ಕೊಳ್ಳಿ. ನಾನು ಮುಂದೆ ಹೋಗಿ ನೋಡಿ ಬರ್ತೇನೆ" ಎಂದು ಹರೀಶ ಅದರ ಅಡಿಯಿಂದ ನುಸುಳಿ ಹೋದ. ಬೇಕಂತಲೇ ಹೋದನೋ ಏನೋ. ನಾನೇ ಹೆತ್ತದ್ದು, ನನಗೆ ಗೊತ್ತಾಗದಾ?

ಮಾತಿಲ್ಲದವರು ಅಲ್ಲಿ ಎದುರುಬದುರು ಕೂತರೆ ಎಲ್ಲಿ ನೋಡುವುದು? ಬೇರೆ ಕಡೆ ನೋಡಲಿಕ್ಕೆ ಜಾಗವೇ ಇಲ್ಲ. ನಾನು ಚೀಲ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದೆ ಬಂದು, ಒಂದು ತಿರುವು ದಾಟಿ, ಅಲ್ಲಿ ಕೂತೆ. ಅವರು ತಿರುವಿನ ಆಚೆ, ನಾನು ಈಚೆ. ಇಬ್ಬರಿಗೂ ಇಬ್ಬರೂ ಕಾಣುವುದಿಲ್ಲ. ನೆಮ್ಮದಿ.

ಆಗ ಆ ಕರೆ ಬಂತು.

"ರೀ..."

ಒಂದೇ ಸಲ. ಆಚೆಯಿಂದ ಬಂತಾ, ಮೇಲಿನಿಂದ ಬಂತಾ, ನನ್ನ ಬೆನ್ನ ಹಿಂದಿನಿಂದ ಬಂತಾ, ಹೇಳಲಿಕ್ಕೆ ಬರುವುದಿಲ್ಲ. ಬಂಡೆ ಅದನ್ನು ತಿರುಚಿ ತಿರುಚಿ ಗಂಡಸಿನ ಸ್ವರ ಮಾಡಿ ಕೊಟ್ಟಿತು.

ನಮ್ಮ ಕಡೆ ಒಂದು ನಿಯಮ ಉಂಟು. ನಡುಮಧ್ಯಾಹ್ನ, ಮುಸ್ಸಂಜೆ, ರಾತ್ರಿ, ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು. ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ, ಮೂರನೇ ಸಲವೂ ಕರೆಯುತ್ತಾರೆ. ಮನುಷ್ಯರಲ್ಲದ್ದಕ್ಕೆ ಎರಡನೇ ಸಲ ಕರೆಯಲಿಕ್ಕೆ ಆಗುವುದಿಲ್ಲ. ಓಗೊಟ್ಟರೆ ಅದರ ಹಿಂದೆಯೇ ಹೋಗಬೇಕು.

ಅಂಥದ್ದೆಲ್ಲ ಉಂಟಾ? ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ಆದರೆ ರೂಲ್ ಅಂದರೆ ರೂಲ್. ಮಸ್ಕತ್ತಿನಲ್ಲಿ ರಾತ್ರಿ ಒಂದು ಗಾಡಿ ಇಲ್ಲದಿದ್ದರೂ ಕೆಂಪು ಲೈಟಿಗೆ ಎಲ್ಲರೂ ನಿಲ್ಲುವುದಿಲ್ಲವಾ? ಹಾಗೆ.

ನಾನು ಕಾದೆ. ಎರಡನೇ ಕರೆ ಬರಲಿಲ್ಲ.

ಟೀಚರೇ ಕರೆದದ್ದಿರಬಹುದಾ? ಹಾಗಾದರೆ ಮತ್ತೆ ಯಾಕೆ ಕರೆಯಲಿಲ್ಲ? ಬಿದ್ದರಾ? ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು. ಕುಡಿಯುವ ನೀರೂ ನನ್ನ ಚೀಲದಲ್ಲೇ ಉಂಟು. ನಾನೇ ಒಂದು ಕರೆ ಹಾಕಿದೆ.

"ಓಯ್..."

ಬಂಡೆ ಅದನ್ನೂ ತಿರುಚಿತು. ನನಗೇ ಹೆದರಿಕೆಯಾಗುವ ಹಾಗೆ ತಿರುಚಿತು. ಆಚೆಯಿಂದ ಉತ್ತರ ಇಲ್ಲ. ಒಂದು ಕೆಮ್ಮೂ ಇಲ್ಲ.

ಸೊಸೆಗೆ ಏನು ಹೇಳುವುದು? ನಿನ್ನ ಅಮ್ಮನನ್ನು ಬಂಡೆಯೊಳಗೆ ಬಿಟ್ಟು ಬಂದೆ ಅಂತಲಾ? ಸೆರಗು ಸಿಕ್ಕಿಸಿ ಎದ್ದೆ. ತಿರುವಿನ ಹತ್ತಿರ ಬಂದು ಇನ್ನೊಂದು ಸಲ ಕರೆದೆ.

"ಓಯ್, ಟೀಚರೇ..."

ಆಚೆಯಿಂದ ನಡುಗುವ ಸ್ವರ ಬಂತು.

"ನಾಳೆ ಬಾ."

"ನಾಳೆಯಾ?" ಅಂದೆ. "ನಾಳೆ ಪುನಃ ಬರ್ಲಿಕ್ಕೆ ನನಗೆಂತ ಮರ್ಲಾ? ಇವತ್ತು ಬಂದದ್ದೇ ಸಾಕಾಗಿದೆ."

ಆಚೆಯಿಂದ, "ಅಯ್ಯೋ, ನೀವೇನ್ರೀ?"

ತಿರುವು ದಾಟಿ ನೋಡಿದೆ. ಟೀಚರು ಕಲ್ಲಿಗೆ ಒರಗಿ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ನಮ್ಮಿಬ್ಬರ ನಡುವೆ ಒಂದು ಮಂಚದಷ್ಟು ದೂರ. ಅಷ್ಟೇ.

ಆದದ್ದು ಇಷ್ಟು. ಮೇಲೆ ಎಲ್ಲೋ ಒಂದು ಆಡು ನಡೆದು ಸಣ್ಣ ಕಲ್ಲುಗಳು ಉದುರಿದ್ದವು. ಹೆದರಿ ನನ್ನನ್ನು ಕರೆದರು. ನಾನು ಮಾತಾಡಲಿಲ್ಲ. ಬದಲಿಗೆ ನಾಲ್ಕೂ ಕಡೆಯಿಂದ ಓಯ್ ಎಂದು ಒಂದು ಸ್ವರ ಬಂತು. ಅವರು ಹುಟ್ಟಿ ಬೆಳೆದ ಬೀದಿಯಲ್ಲಿ ಚಿಕ್ಕಂದಿನಲ್ಲಿ ಮನೆಮನೆಯ ಬಾಗಿಲಿಗೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ. ಪರಿಚಯದವರ ಸ್ವರದಲ್ಲಿ ಕರೆಯುತ್ತ ಒಂದು ದೆವ್ವ ಬರುತ್ತದೆ, ಇದನ್ನು ಓದಿ ವಾಪಸು ಹೋಗುತ್ತದೆ ಅಂತ.

"ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದೀನಿ ಕಣ್ರೀ" ಅಂದರು ಬೆವರು ಒರೆಸಿಕೊಳ್ಳುತ್ತ. "ಬಾಯಿಗೆ ತಾನಾಗೇ ಬಂದ್ಬಿಡ್ತು."

"ನಿಮ್ಮ ದೆವ್ವಕ್ಕೆ ಓದ್ಲಿಕ್ಕೆ ಬರ್ತದಾ?"

"ಬರುತ್ತೆ ಅಂತ್ಲೇ ಬರೀತಿದ್ದಿದ್ದು."

"ಹಾಗಾದ್ರೆ ನನಗಿಂತ ಜಾಸ್ತಿ ಓದಿದೆ" ಅಂದೆ.

ಟೀಚರು ನಕ್ಕರು. ಆ ಸೀಳಿನಲ್ಲಿ ಒಬ್ಬರು ನಕ್ಕರೆ ಐದಾರು ಜನ ನಕ್ಕ ಹಾಗೆ ಕೇಳಿಸುತ್ತದೆ. ಅದನ್ನು ಕೇಳಿ ನನಗೂ ತಡೆಯಲಾಗಲಿಲ್ಲ. ನಗು ನಿಲ್ಲಿಸಲಿಕ್ಕೆ ನೋಡಿದರೆ ಬಂಡೆ ನಿಲ್ಲಿಸುವುದಿಲ್ಲ.

ಈಗ ನೀವೇ ಹೇಳಿ, ಎಷ್ಟು ಮನೆಗಳಲ್ಲಿ ಹೀಗೆ ಆಗುತ್ತಿಲ್ಲ? ಒಬ್ಬರು ಒಂದು ಸಲ ಕರೆದಿರುತ್ತಾರೆ. ಇನ್ನೊಬ್ಬರು ಎರಡನೇ ಕರೆಗೆ ಕಾಯುತ್ತಿರುತ್ತಾರೆ. ಇಬ್ಬರೂ ರೂಲ್ ಪ್ರಕಾರವೇ ಕೂತಿರುತ್ತಾರೆ. ತಪ್ಪು ಯಾರದ್ದೂ ಅಲ್ಲ. ಮಾತು ಮಾತ್ರ ಇಲ್ಲ. (ಎರಡನೇ ಸಲ ಕರೆದರೆ ಗಂಟೇನು ಹೋಗುತ್ತದೆ ಎಂದು ಕೇಳಬೇಡಿ. ಹೋಗುತ್ತದೆ ಅಂತಲೇ ನಮಗೆ ಅನಿಸುವುದು.)

ನೀರು ಕೊಟ್ಟೆ. ಕುಡಿದರು.

"ಇನ್ನೊಂದು ಸಲ ಯಾಕೆ ಕರಿಲಿಲ್ಲ ನೀವು?" ಅಂದೆ.

"ಏನಂತ ಕರೀಲಿ? ಬೀಗಿತ್ತಿಯವರೇ ಅಂದ್ರೆ ಮೊದಲ ದಿನವೇ ಮುಖ ತಿರುಗಿಸಿದ್ರಿ."

ಅದು ನಿಜ. ಬೀಗರು ಅಂದರೆ ಮಕ್ಕಳನ್ನು ಕೊಟ್ಟು ತಂದವರು ಎಂದು ನನಗೆ ಗೊತ್ತು. ಆದರೆ ನಮ್ಮಲ್ಲಿ ಆ ಮಾತಿನ ಬಳಕೆ ಇಲ್ಲ. ಕೇಳಿದ ಕೂಡಲೇ ನನಗೆ ಬಾಗಿಲು, ಚಿಲಕ, ಬೀಗದ ಕೈ ಇದೇ ನೆನಪಾಗುವುದು.

"ವಾರಿಜ ಅಂತ ಹೆಸರುಂಟು ನನಗೆ."

"ಗೊತ್ತು ರೀ. ಗಂಡಿನ ತಾಯಿ ನೀವು. ಹೆಸರು ಹಿಡಿದು ಕರೆಯೋದು ಹೇಗೆ?"

"ಗಂಡಿನ ತಾಯಿಗೆ ಎಂತ ಕೊಂಬುಂಟಾ? ಕರೀರಿ."

"ವಾರಿಜ" ಅಂದರು, ಹಾಜರಿ ಕರೆಯುವ ಹಾಗೆ.

"ಓ" ಅಂದೆ.

ಅದೇ ಕಲ್ಲಿನ ಮೇಲೆ ಅವರ ಪಕ್ಕ ಕೂತೆ. ಕಿತ್ತಳೆ ಸುಲಿಯುತ್ತಿದ್ದೆ. ಅವರೇ ಶುರು ಮಾಡಿದರು.

"ಒಂದು ವಿಷಯ ಹೇಳ್ತೀನಿ. ಸ್ಮಿತಾಗೆ ಹೇಳ್ಬೇಡಿ. ನನಗೆ ಎಳೆಮಗುಗೆ ನೀರು ಹಾಕೋಕೆ ಬರಲ್ಲ."

ನಾನು ಕಿತ್ತಳೆ ಕೆಳಗಿಟ್ಟೆ. ಇಷ್ಟು ದಿನ ಹರಳೆಣ್ಣೆಗಾಗಿ ನನ್ನೊಡನೆ ಯುದ್ಧ ಮಾಡಿದವರು ಇವರೇನಾ?

"ಸ್ಮಿತಾ ಹುಟ್ಟಿದಾಗ ಅವಳನ್ನ ನೋಡ್ಕೊಂಡಿದ್ದೆಲ್ಲ ನಮ್ಮತ್ತೆ. ರಜೆ ಮುಗೀತಿದ್ದ ಹಾಗೇ ನನಗೆ ದೂರದ ಊರಿಗೆ ಟ್ರಾನ್ಸ್‌ಫರ್ ಆಯ್ತು. ಅಲ್ಲಿಂದ ಇನ್ನೊಂದು ಊರು. ಭಾನುವಾರ ಬಂದು ಮಗು ನೋಡ್ಕೊಂಡು ಹೋಗ್ತಿದ್ದೆ. ನಾನು ಎತ್ಕೊಂಡ್ರೆ ಅಳೋಳು, ಅಜ್ಜಿ ಬೇಕು ಅಂತ." ಕನ್ನಡಕ ಹಾಕಿಕೊಂಡು ಹೇಳಿದರು, "ಈ ಒಂದು ಸಲ ನಾನೇ ಮಾಡ್ಬೇಕು ಅಂತ ಬಂದೆ. ಬರಲ್ಲ ಅಂತ ಗೊತ್ತಾದ್ರೆ ನೀವು ನನ್ನನ್ನ ವಾಪಸ್ ಕಳಿಸ್ತೀರ ಅಂತ ಹೆದರಿಕೆ. ಅದಕ್ಕೆ ಜೋರು ಮಾಡ್ತಿದ್ದೆ."

ಇಂಥ ಮಾತಿಗೆ ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. ಕಿತ್ತಳೆಯ ಅರ್ಧ ಅವರ ಕೈಗೆ ಹಾಕಿದೆ. ಅವರು ತಿಂದರು. ಹುಳಿ ಇತ್ತು, ಮುಖ ಕಿವುಚಿದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಮಕ್ಕಳನ್ನು ನಾನೇ ಮೀಯಿಸಿದೆ. ಮಗಳ ಮಕ್ಕಳನ್ನು ಮೀಯಿಸಿದೆ. ನಾದಿನಿಯರ ಮಕ್ಕಳು, ನೆರೆಮನೆಯ ಮಕ್ಕಳು, ಎಲ್ಲ ಈ ಕಾಲ ಮೇಲೇ ಮಲಗಿ ಬಿಸಿನೀರು ಹೊಯ್ಯಿಸಿಕೊಂಡು ಅತ್ತವು. ಇನ್ನೊಂದು ಮಗುವನ್ನು ಮೀಯಿಸದಿದ್ದರೆ ನನಗೇನು ಕಡಿಮೆಯಾಗುತ್ತದೆ? ಆಸೆ ಇತ್ತು, ಇಲ್ಲ ಅನ್ನುವುದಿಲ್ಲ. ಹರೀಶನ ಮಗು. ಆದರೆ ನನಗೆ ಇದು ಇನ್ನೊಂದು. ಅವರಿಗೆ ಇದೊಂದೇ.

"ಹಾಗಾದ್ರೆ ನೀವೇ ಇರಿ" ಅಂದೆ. "ನಾನು ಹೋಗ್ತೇನೆ. ಊರಲ್ಲಿ ನನ್ನ ಮಲ್ಲಿಗೆ ಗಿಡಗಳನ್ನು ನೆರೆಮನೆಯವಳಿಗೆ ನೋಡ್ಲಿಕ್ಕೆ ಹೇಳಿ ಬಂದಿದ್ದೇನೆ. ಅವಳು ನೀರು ಹಾಕುದಿಲ್ಲ, ಮೊಗ್ಗು ಮಾತ್ರ ಕೊಯ್ತಾಳೆ."

"ಬೇಸರ ಇಲ್ವಾ?"

"ಉಂಟು. ಎಂತ ಮಾಡುದು? ಬಸ್ಸಿನ ಸೀಟಿನ ಹಾಗೆ ಅರ್ಧ ಅರ್ಧ ಕೂರ್ಲಿಕ್ಕೆ ಆಗ್ತದಾ?"

ಅಷ್ಟರಲ್ಲಿ ಹರೀಶ ಕಲ್ಲಿನ ಅಡಿಯಿಂದ ತೆವಳಿ ಬಂದ. ಮೈಯೆಲ್ಲ ಧೂಳು. ನಾವಿಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದುದನ್ನು ನೋಡಿ ಅಲ್ಲೇ ನಿಂತ.

"ಎಂತ ಆಯ್ತು ನಿಮಗೆ?"

"ಡಿಸೈಡ್ ಆಯ್ತು. ನಾನು ಹೋಗುದು. ಟಿಕೆಟ್ ಮಾಡು."

ಅವನು ಅತ್ತೆಯ ಮುಖ ನೋಡಿದ. ಅವರು ಕಿತ್ತಳೆಯ ಬೀಜ ಉಗಿದರು. ಮಗ ಇಂಜಿನಿಯರು. ಇಂಜಿನಿಯರುಗಳಿಗೆ ಕಾರಣ ಬೇಕು. ನಾವು ಕೊಡಲಿಲ್ಲ.

ಹೊರಗೆ ಬಂದಾಗ ಆ ಮುದುಕ ಇನ್ನೂ ಅಲ್ಲೇ ಕೂತಿದ್ದ. ಟೀಚರು ನನ್ನ ಕೈ ಹಿಡಿದುಕೊಂಡು ಕಲ್ಲುಗಳ ಮೇಲೆ ಇಳಿಯುತ್ತಿದ್ದುದನ್ನು ನೋಡಿ ಹರೀಶನಿಗೆ ಅರಬ್ಬಿಯಲ್ಲಿ ಏನೋ ಹೇಳಿ ನಕ್ಕ. ಏನೆಂದ ಎಂದು ಕೇಳಿದೆ. ಹರೀಶ ಹೇಳಲಿಲ್ಲ.

ದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಅವನು ಗಾಡಿ ಬದಿಗೆ ಹಾಕಿ ನನಗೆ ಮುಂದಿನ ಬುಧವಾರಕ್ಕೆ ಮಂಗಳೂರಿನ ಟಿಕೆಟ್ ಮಾಡಿದ. ಹಿಂದಿನ ಸೀಟಿನಲ್ಲಿ ಟೀಚರು ನನ್ನ ಭುಜದ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದರು. ಭಾರದ ತಲೆ. ನಾನು ಸರಿಸಲಿಲ್ಲ. ಮನೆಗೆ ಬಂದಾಗ ಸ್ಮಿತಾ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಳು. ಅವಳ ಮುಖದಲ್ಲಿ ಅಷ್ಟು ಕಳೆ ನಾನು ಬಂದ ಮೇಲೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಫ್ರಿಜ್ಜಿನಿಂದ ಒಂದು ಮಂಗಳೂರು ಸೌತೆ ತೆಗೆದೆ. ಹದವಾದ್ದು, ಮೂರು ಕೆ.ಜಿ. ಹತ್ತಿರ ಇದ್ದೀತು. ಅದಕ್ಕೆ ತೆಂಗಿನೆಣ್ಣೆ ಹಚ್ಚಿದೆ. (ಹರಳೆಣ್ಣೆ ಅಲ್ಲ.) ಟೀಚರನ್ನು ಬಾತ್‌ರೂಮಿನಲ್ಲಿ ಕಾಲು ನೀಡಿ ಕೂರಿಸಿ, ಸೀರೆ ಮೊಣಕಾಲಿನವರೆಗೆ ಎತ್ತಿಸಿ, ಸೌತೆಯನ್ನು ಅವರ ಕಾಲ ಮೇಲೆ ಮಲಗಿಸಿದೆ.

"ಇದೇನ್ರೀ ವಾರಿಜ?"

"ಮಗು ಅಂತ ಗ್ರಹಿಸಿ. ನಾನು ಹೋಗುವ ಮೊದಲು ಕಲೀಬೇಕಲ್ಲ. ಕುತ್ತಿಗೆಯ ಅಡಿಗೆ ಕೈ ಕೊಡಿ."

"ಇದಕ್ಕೆ ಕುತ್ತಿಗೆ ಎಲ್ಲಿದೆ?"

"ತೊಟ್ಟಿನ ಕಡೆ. ಹಿಡೀರಿ. ಅಷ್ಟು ಗಟ್ಟಿ ಅಲ್ಲ, ಅದು ಅಳ್ತದೆ."

ನೀರು ಹೊಯ್ದೆ. ಸೌತೆ ಅವರ ಕೈಯಿಂದ ಜಾರಿ, ಕಾಲಿನಿಂದ ಉರುಳಿ, ಸೀದಾ ಗೋಡೆಗೆ ಹೋಗಿ ಬಡಿದು ಎರಡು ಹೋಳಾಯಿತು.

ನಾನು ಕೈ ಒರೆಸಿಕೊಂಡು ಹೊರಗೆ ಬಂದು ಹರೀಶನಿಗೆ ಹೇಳಿ ಟಿಕೆಟ್ ಮೂರು ತಿಂಗಳು ಮುಂದಕ್ಕೆ ಹಾಕಿಸಿದೆ.